ತಕ್ಕ ಬೆಲೆ

ಭೋಗ್ಯದ ಮನೆಗೆ ಬೆಲೆ ಕಟ್ಟುವುದರಲ್ಲಿ ಬಾಂಗ್ ದುಸಿಕ್‌ನನ್ನು ಮೀರಿಸುವವರು ಸೊಲ್‌ಬಿತ್ ಹಳ್ಳಿಯಲ್ಲಿ ಯಾರೂ ಇರಲಿಲ್ಲ. ಹಳ್ಳಿ ಎನ್ನುವುದು ಹೆಸರಿಗೆ. ಸಿಯೋಲ್‌ನಿಂದ ರೈಲು ಹಿಡಿದರೆ ಒಂದು ಗಂಟೆಯ ದಾರಿ. ನೂರಾ ಒಂದರಿಂದ ನೂರಾ ಹನ್ನೊಂದರವರೆಗೆ ನಂಬರು ಹೊತ್ತ ಹನ್ನೊಂದು ಕಟ್ಟಡ, ಎಂಟುನೂರ ನಲವತ್ತು ಮನೆ, ಒಂದು ನಾಯಿಗೂ ಬಾಯಿಬಿಟ್ಟು ಬೊಗಳುವ ಸ್ವಾತಂತ್ರ್ಯವಿಲ್ಲ. ನಿಜವಾದ ಹಳ್ಳಿಯಲ್ಲಿ ಹುಟ್ಟಿ ಅಲ್ಲಿನ ಶಾಲೆಯಲ್ಲೇ ಓದು ಮುಗಿಸಿದ ದುಸಿಕ್‌ಗೆ ಈ ಹೆಸರು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಆದರೂ ಅದೇ ಹೆಸರನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ, ಮುಖ್ಯ ಗೇಟಿನ ಎದುರಿನ ಅಂಗಡಿ ಸಾಲಿನಲ್ಲಿ ಹದಿಮೂರು ವರ್ಷದಿಂದ ಮನೆ ಕೊಡಿಸುವ ಕಚೇರಿ ನಡೆಸಿಕೊಂಡು ಬಂದಿದ್ದ.

ಮನೆ ನೋಡಲು ಹೋದರೆ ಅವನು ಗೋಡೆ ಕಾಗದದ ಚಂದ, ಅಡುಗೆಮನೆಯ ಹೊಳಪು ನೋಡುತ್ತಿರಲಿಲ್ಲ. ಶೂ ಕಳಚಿ ಒಳಹೋದವನೇ ಉತ್ತರದ ಕೋಣೆಯ ಗೋಡೆಗೆ ಅಂಗೈ ಒತ್ತಿ ಐದು ಉಸಿರು ನಿಲ್ಲುತ್ತಿದ್ದ. ಕೈಗೆ ತೇವ ತಗುಲಿದರೆ ಅಲ್ಲಿಗೆ ಒಂದು ಕೋಟಿ ವಾನ್ ಕಡಿಮೆ. ಚಳಿಗಾಲದ ಬಿಸಿಲು ನಡುಮನೆಯೊಳಗೆ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ನೆಲದ ಬಣ್ಣ ಮಾಸಿದ ಗೆರೆ ನೋಡಿ ಹೇಳುತ್ತಿದ್ದ. ಲಿಫ್ಟಿನ ಪಕ್ಕದ ಮನೆಯಾದರೆ ಸದ್ದಿಗೆ ಇಷ್ಟು, ಕಸ ಬೇರ್ಪಡಿಸುವ ಕೊಟ್ಟಿಗೆಯ ಕಡೆಗೆ ಕಿಟಕಿಯಿದ್ದರೆ ವಾಸನೆಗೆ ಇಷ್ಟು, ನಾಲ್ಕನೇ ಮಹಡಿಯಾದರೆ ಅಂಕಿಗೆ ಇಷ್ಟು ಎಂದು ಕಳೆಯುತ್ತಿದ್ದ. ಅಲ್ಲಿಯ ಭಾಷೆಯಲ್ಲಿ ನಾಲ್ಕು ಎಂಬ ಮಾತೂ ಸಾವು ಎಂಬ ಮಾತೂ ಒಂದೇ ಥರ ಕೇಳಿಸುತ್ತವೆ ಎಂದು ಹೆದರುವವರಿಗೆ ಬುದ್ಧಿ ಹೇಳುವುದು ಅವನ ಕೆಲಸವಾಗಿರಲಿಲ್ಲ. ಕೊನೆಗೆ ಒಂದು ಬೆಲೆ ಹೇಳುತ್ತಿದ್ದ. ಎರಡು ವರ್ಷದ ಭೋಗ್ಯಕ್ಕೆ ಅಷ್ಟು ಗಂಟು ಮಾಲೀಕನ ಕೈಗೆ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟು ವಾಪಸ್ಸು ಪಡೆಯಬೇಕು. ಅವನು ಹೇಳಿದ ಬೆಲೆಗೆ ಮನೆ ಹದಿನೈದು ದಿನದಲ್ಲಿ ಹೋಗದಿದ್ದರೆ ಕೇಳಿ.

ಇಂಥ ಮನುಷ್ಯನೇ ಆ ವರ್ಷದ ಫೆಬ್ರವರಿಯಲ್ಲಿ ಹೇಸಿಗೆ ಕೆಲಸ ಮಾಡಿದ.

ಮೂರು ಕೋಣೆಯ ಮನೆಯ ಭೋಗ್ಯಕ್ಕೆ ಅಲ್ಲಿ ಇಪ್ಪತ್ತಾರು ಕೋಟಿ ನಡೆಯುತ್ತಿತ್ತು. ಒಂದು ದಿನ ಎಲ್ಲ ಲಿಫ್ಟುಗಳಲ್ಲಿ ನಿವಾಸಿಗಳ ಮಹಿಳಾ ಸಂಘದ ಚೀಟಿ ಕಾಣಿಸಿಕೊಂಡಿತು: ‘ನಮ್ಮ ಮನೆಗೆ ತಕ್ಕ ಬೆಲೆ ಪಡೆಯೋಣ.’ ಬೆಲೆ ಎಷ್ಟೆಂದು ಬರೆದಿರಲಿಲ್ಲ. ಬರೆದರೆ ಕಾನೂನು ಹಿಡಿಯುತ್ತದೆ. ಅದನ್ನು ಬಾಯಿಯಲ್ಲಿ ಹೇಳಲು ಸಂಘದ ಅಧ್ಯಕ್ಷೆ ಗು ಯಾಂಗ್‌ಮಿ ಒಂದು ಪೆಟ್ಟಿಗೆ ಮರಸೇಬು ಹಿಡಿದು ಕಚೇರಿಗೆ ಬಂದಳು. ಮೂವತ್ತೆರಡು ಕೋಟಿ. ಅದಕ್ಕಿಂತ ಕೆಳಗೆ ಮನೆ ತೋರಿಸಿದ ದಲ್ಲಾಳಿಯ ಮೇಲೆ ಸುಳ್ಳು ಜಾಹೀರಾತು ಎಂದು ದಿನಕ್ಕೆ ಇಪ್ಪತ್ತು ದೂರು ಬೀಳುತ್ತವೆ, ಒಬ್ಬ ಮಾಲೀಕನೂ ಮನೆ ಒಪ್ಪಿಸುವುದಿಲ್ಲ ಎಂಬುದನ್ನು ಆಕೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮರಸೇಬು ಒಂದೊಂದೂ ಮಗುವಿನ ತಲೆಯಷ್ಟು ದಪ್ಪವಿತ್ತು.

ಅದೇ ವಾರ ಒಂದು ಎಳೆಯ ದಂಪತಿ ಬಂತು. ಮಗು ಮಾರ್ಚಿನಲ್ಲಿ ಒಂದನೇ ತರಗತಿಗೆ ಸೇರಬೇಕು. ಶಾಲೆ ಕಾಂಪೌಂಡಿನ ಒಳಗೇ ಇದೆ, ಮಗು ರಸ್ತೆ ದಾಟಬೇಕಿಲ್ಲ. ಹೆಂಡತಿಯ ಕಣ್ಣಿನಲ್ಲಿ ಆ ರಸ್ತೆಯ ಹೆದರಿಕೆಯನ್ನು ದುಸಿಕ್ ಕಂಡ. ನೂರಾ ಆರನೇ ಕಟ್ಟಡದ ಮನೆ ತೋರಿಸಿ ಮೂವತ್ತೆರಡು ಎಂದ. ಸಂಜೆ ಇನ್ನೊಂದು ಸಂಸಾರ ಇದೇ ಮನೆ ನೋಡಲು ಬರುತ್ತಿದೆ ಎಂದೂ ಹೇಳಿದ. ಯಾರೂ ಬರುತ್ತಿರಲಿಲ್ಲ. ಅವರು ನಿಂತ ಕಾಲಿನಲ್ಲೇ ಒಪ್ಪಿದರು. ಕರಾರನ್ನು ದುಸಿಕ್ ಸರ್ಕಾರಕ್ಕೆ ತಿಳಿಸಿದ, ಸರ್ಕಾರ ಅದನ್ನು ಎಲ್ಲರೂ ನೋಡುವ ದರಪಟ್ಟಿಗೆ ಏರಿಸಿತು. ಅಂದಿನಿಂದ ಎಂಟುನೂರ ನಲವತ್ತು ಮನೆಯವರ ಫೋನಿನಲ್ಲೂ ಒಂದೇ ಅಂಕಿ ಹೊಳೆಯತೊಡಗಿತು. ದುಸಿಕ್ ಮೂರು ದಿನ ಎದೆಯುಬ್ಬಿಸಿ ನಡೆದ.

ಅವನಿಗೂ ಒಂದು ಮನೆ ಬೇಕಲ್ಲ. ಊರಿಗೆಲ್ಲ ಮನೆ ತೋರಿಸುವವನಿಗೆ ಸ್ವಂತದ್ದಿರಲಿಲ್ಲ. ನೂರಾ ನಾಲ್ಕನೇ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಇಪ್ಪತ್ತನಾಲ್ಕು ಕೋಟಿಗೆ ಭೋಗ್ಯದಲ್ಲಿದ್ದ. ಹೆಂಡತಿ ಮಿಜಾ, ಎಂಬತ್ತೊಂದು ವರ್ಷದ ತಾಯಿ, ಅವನು. ಅವಧಿ ಮುಗಿದಾಗ ಹೆಚ್ಚು ಏರಿಸದೆ ಇನ್ನೆರಡು ವರ್ಷ ಇರಲು ಕಾನೂನು ಒಂದು ಸಲ ಮಾತ್ರ ಬಿಡುತ್ತದೆ. ಆ ಒಂದು ಸಲವನ್ನು ಅವನು ಆಗಲೇ ಖರ್ಚು ಮಾಡಿದ್ದ. ಅಕ್ಟೋಬರಿಗೆ ಅವಧಿ ಮುಗಿಯುತ್ತಿತ್ತು.

ಜುಲೈನಲ್ಲಿ ಮನೆ ಮಾಲೀಕ ಮಿನ್ ಫೋನ್ ಮಾಡಿದ. ಸಿಯೋಲ್‌ನಲ್ಲಿ ಕನ್ನಡಕದ ಅಂಗಡಿಯಿದ್ದ ಆತನದು ಬೆಣ್ಣೆಯಂಥ ಮಾತು.

“ಬಾಂಗ್ ಯಜಮಾನ್ರೇ, ನಾನೇನು ದುರಾಸೆಯವನಲ್ಲ. ನೂರಾ ಆರನೇ ಬಿಲ್ಡಿಂಗಲ್ಲಿ ಮೂವತ್ತೆರಡಕ್ಕೆ ಹೋಗಿದೆಯಲ್ಲ, ಅಷ್ಟು ಕೊಡಿ ಸಾಕು.”

ಅದು ಅವಸರಕ್ಕೆ ಬಿದ್ದವರು ಕೊಟ್ಟ ಬೆಲೆ, ಅದನ್ನು ಹಿಡಿದು ಅಳೆಯಬಾರದು ಎಂದು ದುಸಿಕ್ ಗುರುಗುಟ್ಟಿದ.

“ಕರಾರು ಬರ್ದಿದ್ದು ನೀವೇ ಅಂತೆ,” ಎಂದ ಮಿನ್. “ನೀವು ಕಟ್ಟಿದ ಬೆಲೆ ನಿಮಗೇ ಜಾಸ್ತಿ ಆಯ್ತಾ?”

ದುಸಿಕ್ ಕೋಪದಿಂದ ಮಡಚುವ ಕುರ್ಚಿಯನ್ನು ಒದ್ದ. ಅದು ಮಡಚಿಕೊಂಡಿತು, ಅವನ ಕಾಲ್ಬೆರಳು ಊದಿತು. ಎಂಟು ಕೋಟಿ ಹೆಚ್ಚಿಗೆ ತರುವುದೆಲ್ಲಿಂದ? ತಾಯಿಯ ಸೊಂಟದ ಆಪರೇಷನ್ನಿಗೆ ಒಮ್ಮೆ, ಕಚೇರಿಯ ಬಾಡಿಗೆಗೆ ಇನ್ನೊಮ್ಮೆ ಸಾಲ ಎತ್ತಿದವನಿಗೆ ಬ್ಯಾಂಕು ಈಗ ಕುಡಿಯಲು ನೀರೂ ಕೊಡುತ್ತಿರಲಿಲ್ಲ.

ಅಗ್ಗದ ಮನೆಗೆ ಹೋಗಬಹುದಿತ್ತು. ಅವನೊಬ್ಬನೇ ಆಗಿದ್ದರೆ ಕಚೇರಿಯ ಬೆಂಚಿನ ಮೇಲೂ ಮಲಗುತ್ತಿದ್ದ. ಅಡ್ಡಿ ಇದ್ದದ್ದು ತಾಯಿಯದು. ಆಕೆಗೆ ಮರೆವು ಹತ್ತಿ ಮೂರು ವರ್ಷವಾಗಿತ್ತು. ಬೆಳಿಗ್ಗೆ ಏನು ತಿಂದೆ ಎಂಬುದು ನೆನಪಿರುತ್ತಿರಲಿಲ್ಲ, ಆದರೆ ಸೊಲ್‌ಬಿತ್ ಹಳ್ಳಿಯ ದಾರಿ ಮಾತ್ರ ಕಾಲಿಗೆ ಗೊತ್ತಿತ್ತು. ಗುರುವಾರ ಗುರುವಾರ ಕಸದ ಕೊಟ್ಟಿಗೆಗೆ ಹೋಗಿ, ಜನ ತಂದುಹಾಕಿದ ಬಾಟಲಿಗಳ ಮುಚ್ಚಳ ತಿರುವಿ ಬೇರೆ ಮಾಡುತ್ತ, ತಪ್ಪು ಡಬ್ಬಿಗೆ ಹಾಕಿದವರನ್ನು ಬೈಯುತ್ತ ನಿಲ್ಲುತ್ತಿದ್ದಳು. ಬೇರೆ ಕಟ್ಟಡಕ್ಕೆ ನುಗ್ಗಿದರೆ ಕಾವಲುಗಾರರು ಕೈಹಿಡಿದು ಕರೆತರುತ್ತಿದ್ದರು. ಹಿಂದಿನ ವರ್ಷ ಇಂಚೆಯೋನಿನಲ್ಲಿದ್ದ ದುಸಿಕ್‌ನ ತಂಗಿಯ ಮನೆಗೆ ಮೂರು ದಿನಕ್ಕೆಂದು ಕಳಿಸಿದ್ದಾಗ ಮೊದಲ ದಿನವೇ ಕಾಣೆಯಾಗಿ, ಏಳು ತಾಸಿನ ಮೇಲೆ ಒಂದು ಮೀನಿನ ಅಂಗಡಿಯ ಮುಂದೆ ಸಿಕ್ಕಿದ್ದಳು. ಊರಿನ ಬಸ್ಸಿಗೆ ಕಾಯುತ್ತಿದ್ದೇನೆ ಎಂದಿದ್ದಳು. ಆ ಬೀದಿಯಲ್ಲಿ ಬಸ್ಸೇ ಓಡಾಡುವುದಿಲ್ಲ. ಈ ಮನೆ ಬಿಡಿಸಿದರೆ ತಾಯಿ ಬದುಕುವುದಿಲ್ಲ ಎಂದು ದುಸಿಕ್ ಖಚಿತ ಮಾಡಿಕೊಂಡಿದ್ದ. ಮಿಜಾ ಕೂಡ ಅದನ್ನೇ ಹೇಳಿದಳು, ಆದರೆ ಬೇರೆ ಥರ.

“ನಿಮ್ಮಮ್ಮನ್ನ ಹುಡುಕೋಕೆ ನಾನು ದಿನಾ ಪೊಲೀಸ್ ಸ್ಟೇಷನ್‌ಗೆ ಹೋಗಲ್ಲ. ಅಂಕಿ ಏರಿಸಿದ್ದು ನೀವು, ಇಳಿಸೋದೂ ನೀವೇ.”

ಇಳಿಸುವುದು. ಆ ಮಾತು ಅವನಿಗೆ ನಾಟಿತು. ಮಿನ್‌ನಿಗೆ ಫೋನ್ ಮಾಡಿ, ಹಲ್ಲು ಕಚ್ಚಿ, ಸಿಹಿಯಾಗಿ ಮಾತಾಡಿದ. ಆಗಸ್ಟ್ ಮುಗಿಯುವುದರೊಳಗೆ ಅದೇ ಅಳತೆಯ ಒಂದು ಮನೆ ಇಪ್ಪತ್ತಾರಕ್ಕೆ ಹೋದ ಕರಾರು ತೋರಿಸಿದರೆ ತಾನೂ ಅಷ್ಟಕ್ಕೇ ಇಳಿಯುತ್ತೇನೆಂದು ಮಿನ್ ಒಪ್ಪಿದ. ಎರಡು ಕೋಟಿಯನ್ನು ಹೇಗಾದರೂ ಹೊಂದಿಸಬಹುದು. ಇನ್ನು ಬೇಕಾದದ್ದು ಒಂದೇ ಒಂದು ಕರಾರು.

ಅದು ಅವನ ಕಚೇರಿಗೆ ತಾನಾಗಿ ನಡೆದುಕೊಂಡು ಬಂತು. ನೂರಾ ಎರಡನೇ ಕಟ್ಟಡದ ಏಳನೇ ಮಹಡಿಯ ಸುನ್‌ಬೊಕ್ ಅಜ್ಜಿ ಎರಡು ವರ್ಷಕ್ಕೆ ಮಗಳ ಮನೆಗೆ ಹೊರಟಿದ್ದಳು. ದುಡ್ಡಿನ ವಿಚಾರದಲ್ಲಿ ಆಕೆಗೆ ಹಟವಿರಲಿಲ್ಲ. ಹಟವಿದ್ದದ್ದು ಬಾಲ್ಕನಿಯಲ್ಲಿದ್ದ ಮೂರು ದೊಡ್ಡ ಜಾಡಿಗಳ ಬಗ್ಗೆ. ಒಂದರಲ್ಲಿ ಸೋಯಾ ರಸ, ಒಂದರಲ್ಲಿ ಹುದುಗು ಹಾಕಿದ ಕಾಳಿನ ಮುದ್ದೆ, ಇನ್ನೊಂದರಲ್ಲಿ ಮೆಣಸಿನ ಗೊಜ್ಜು. ಸೋಯಾ ರಸಕ್ಕೆ ಹನ್ನೊಂದು ವರ್ಷ ವಯಸ್ಸು. ಲಿಫ್ಟಿನ ಕುಲುಕಾಟಕ್ಕೆ, ಲಾರಿಯ ಪ್ರಯಾಣಕ್ಕೆ ಅದು ಕೆಡುತ್ತದೆ. ಬಿಸಿಲಿದ್ದ ದಿನ ಮುಚ್ಚಳ ತೆಗೆದು, ಮೋಡ ಮುಸುಕಿದರೆ ಮುಚ್ಚುವವರಿಗೇ ಮನೆ ಎಂದಳು. ಅಂಥ ಶರತ್ತಿನ ಮನೆಗೆ ಮೂವತ್ತೆರಡು ಯಾರು ಕೊಡುತ್ತಾರೆ? ಇಪ್ಪತ್ತಾರು ಎಂದು ದುಸಿಕ್ ಬೆಲೆ ಕಟ್ಟಿದ. ಈ ಸಲ ಕಟ್ಟಿದ್ದು ನ್ಯಾಯವಾದ ಬೆಲೆ.

ಗಿರಾಕಿಯೂ ಸಿಕ್ಕಿದ. ಯೋಮ್ ಎಂಬ ಬಸ್ ಡ್ರೈವರ್. ಅವನ ಹೆಂಡತಿ ಜಾಡಿಯ ಮುಚ್ಚಳ ಎತ್ತಿ ಮೂಸಿ, ಬೆರಳು ಅದ್ದಿ ನೆಕ್ಕಿ, ಇನ್ನೊಮ್ಮೆ ಅದ್ದಿದಳು. ಸುನ್‌ಬೊಕ್ ಅಜ್ಜಿ ಆಗಲೇ ಒಪ್ಪಿಬಿಟ್ಟಿದ್ದಳು. ಯೋಮ್ ಅಲ್ಲಿಯೇ ಫೋನಿನಿಂದ ಐವತ್ತು ಲಕ್ಷ ಮುಂಗಡ ಕಳಿಸಿದ. ಶನಿವಾರ ಕರಾರಿಗೆ ಮೊಹರು ಒತ್ತುವುದೆಂದಾಯಿತು. ಮುಂಗಡ ಬಿದ್ದ ಮೇಲೆ ಮಾಲೀಕರು ಹಿಂದೆ ಸರಿದರೆ ಅದರ ಎರಡರಷ್ಟು ಕೊಡಬೇಕು. ಅದು ಇಲ್ಲಿ ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಹಾಗಾಗಿ ಯಾರೂ ಸರಿಯುವುದಿಲ್ಲ. ದುಸಿಕ್ ಮನೆಗೆ ಹೋಗಿ ತಾಯಿಗೆ, ಇನ್ನು ಚಿಂತೆಯಿಲ್ಲ ಎಂದ.

“ಏನ್ಲಾ ಚಿಂತೆ ನಂಗೆ?” ಎಂದಳು ತಾಯಿ. “ಚಿಂತೆ ಇದ್ದಿದ್ರೆ ಮರೆತೋಗಿರ್ತೀನಿ ಬಿಡು.”

ಕೆಟ್ಟದ್ದು ಅಜ್ಜಿಯ ಸಂತೋಷದಿಂದ. ಜಾಡಿಗೆ ಒಳ್ಳೆಯವರು ಸಿಕ್ಕಿದರು ಎಂದು ಆಕೆ ಲಿಫ್ಟಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಎಷ್ಟಕ್ಕೆ ಎಂದು ಕೇಳಿದವರಿಗೆ ಅದನ್ನೂ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಅಜ್ಜಿ ಕಚೇರಿಗೆ ಬಂದು, ಕೂತುಕೊಳ್ಳಿ ಎಂದರೂ ಕೂರದೆ ನಿಂತಳು. ಜೊತೆಗೆ ಅಧ್ಯಕ್ಷೆ ಗು ಯಾಂಗ್‌ಮಿ. ಅಜ್ಜಿ ತಲೆ ಬಗ್ಗಿಸಿಕೊಂಡು ಹೇಳಿದ್ದಿಷ್ಟು: ಸಂಘದವರು ಹಿಂದಿನ ಸಂಜೆ ಮನೆಗೆ ಬಂದಿದ್ದರು, ಅವಳೊಬ್ಬಳ ಇಪ್ಪತ್ತಾರರಿಂದ ಎಲ್ಲರ ಮನೆಯ ಬೆಲೆ ಬೀಳುತ್ತದೆ ಎಂದರು, ಎರಡರಷ್ಟು ಕೊಡಲು ನನ್ನಲ್ಲಿ ದುಡ್ಡಿಲ್ಲ ಎಂದು ಆಕೆ ಹೇಳಿದಾಗ, ನಲವತ್ತು ಮನೆಯವರು ತಲಾ ಒಂದೂಕಾಲು ಲಕ್ಷ ಹಾಕಿ ಮೇಲಿನ ಐವತ್ತು ಲಕ್ಷವನ್ನು ಅಲ್ಲಿಯೇ ಕೂಡಿಸಿಕೊಟ್ಟರು. ತಕ್ಕ ಗಿರಾಕಿ ಬರುವವರೆಗೆ ಜಾಡಿಯ ಮುಚ್ಚಳವನ್ನು ಸಂಘದ ಹೆಂಗಸರೇ ಸರದಿಯ ಮೇಲೆ ತೆಗೆದು ಮುಚ್ಚುತ್ತಾರಂತೆ. ಸರದಿಯ ಪಟ್ಟಿಯೂ ಆಗಿದೆಯಂತೆ.

ಹದಿಮೂರು ವರ್ಷದಲ್ಲಿ ದುಸಿಕ್ ಬಗೆಬಗೆಯ ಮೋಸ ನೋಡಿದ್ದ. ಒಬ್ಬಳ ಮಾತು ಮುರಿಸಲು ನಲವತ್ತು ಮನೆ ಚಂದಾ ಎತ್ತಿದ್ದನ್ನು ನೋಡಿರಲಿಲ್ಲ. ಅದೇ ಜನ ಚಳಿಗಾಲದಲ್ಲಿ ಕಾವಲುಗಾರರ ಕೋಣೆಗೊಂದು ಹೀಟರ್ ಹಾಕಿಸಲು ಮನೆಗೆ ತಿಂಗಳಿಗೆ ಮುನ್ನೂರು ವಾನ್ ಕೊಡುವುದನ್ನು ಮತ ಹಾಕಿ ತಿರಸ್ಕರಿಸಿದ್ದರು.

“ಅಜ್ಜೀ, ನೀವು ಮನೆಗೆ ಹೋಗಿ,” ಎಂದ. ಅಜ್ಜಿ ಹೋದ ಮೇಲೆ ಅಧ್ಯಕ್ಷೆಯ ಕಡೆ ತಿರುಗಿದ. “ಆ ಮನೆ ಇಪ್ಪತ್ತಾರೇ ಬಾಳೋದು. ನಿಮ್ಮದೂ ಅಷ್ಟೇ ಬಾಳೋದು. ನಿಮ್ಮ ಉತ್ತರದ ಗೋಡೆ ಮೇಲೆ ಕೈಯಿಟ್ಟು ನೋಡಿದವನು ನಾನು.”

ಗು ಯಾಂಗ್‌ಮಿಗೆ ಸಿಟ್ಟು ಬರಲಿಲ್ಲ. ಆಕೆ ನೊಂದವಳ ಹಾಗೆ ಕಂಡಳು. “ನಾವು ಇಪ್ಪತ್ತು ವರ್ಷ ಕಂತು ಕಟ್ಟಿ ಮನೆ ಮಾಡಿದೀವಿ, ಯಜಮಾನ್ರೇ. ನಮಗಿರೋದು ಇದೊಂದೇ. ನೀವು ಭೋಗ್ಯದವರು, ಈ ಸಂಕಟ ನಿಮಗೆ ತಿಳಿಯಲ್ಲ.”

“ಮರಸೇಬು ತಂದಾಗ ನಾನು ಭೋಗ್ಯದವನು ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು,” ಎಂದಳು. “ಅದಕ್ಕೇ ತಂದಿದ್ದು.”

ದುಸಿಕ್‌ನ ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಂಗಡಿ ಸಾಲಿನ ಕೊನೆಯ ಕೋಳಿ ಅಂಗಡಿಯವನೂ ಹೊರಗೆ ಬಂದು ನೋಡಿದ.

ಇನ್ನುಳಿದದ್ದು ಯೋಮ್. ಅವನು ಹಟ ಹಿಡಿದರೆ, ಮಾತು ಮಾತೇ ಎಂದು ಕೋರ್ಟಿಗೆ ಹೋಗುತ್ತೇನೆಂದು ಗದರಿಸಿದರೆ, ಅಜ್ಜಿ ಹೆದರಿ ಮತ್ತೆ ಈ ಕಡೆ ವಾಲುತ್ತಾಳೆ ಎಂಬುದು ದುಸಿಕ್‌ನ ಆಸೆ. ಯೋಮ್ ಮಧ್ಯಾಹ್ನ ಎರಡು ಪಾಳಿಗಳ ನಡುವೆ, ಸಮವಸ್ತ್ರದಲ್ಲೇ ಓಡಿಬಂದ. ಅಜ್ಜಿಯ ಖಾತೆಯಿಂದ ಒಂದು ಕೋಟಿ ಆಗಲೇ ಅವನ ಖಾತೆಗೆ ಬಿದ್ದಿತ್ತು. ಅದನ್ನು ಹಿಂದಕ್ಕೆ ಕಳಿಸಿ ಮನೆಯೇ ಬೇಕು ಎನ್ನು ಎಂದು ದುಸಿಕ್ ಕೈಹಿಡಿದು ಕೇಳಿಕೊಂಡ. ಕಮಿಷನ್ ಬಿಡುತ್ತೇನೆ ಎಂದ. ಕೊನೆಗೆ ತನ್ನ ಮನೆಯ ಕಥೆಯನ್ನೂ, ತಾಯಿಯ ಕಥೆಯನ್ನೂ ಹೇಳಿಕೊಂಡ. ಗಿರಾಕಿಯ ಮುಂದೆ ಅವನು ಹಾಗೆ ಯಾವತ್ತೂ ಬಾಯಿಬಿಟ್ಟಿರಲಿಲ್ಲ.

ಯೋಮ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ನಿಮ್ಮ ಕಷ್ಟ ಕಷ್ಟವೇ, ಯಜಮಾನ್ರೇ. ಆದ್ರೆ ಮೂರು ದಿನಕ್ಕೆ ಐವತ್ತು ಲಕ್ಷ ಲಾಭ. ಒಂದು ತಿಂಗಳು ಬಸ್ಸು ಓಡ್ಸಿದ್ರೂ ನಂಗೆ ಇಷ್ಟು ಉಳಿಯಲ್ಲ. ಇಂಥ ಮಾತು ಮುರಿಯೋರು ಇನ್ನೂ ಇದ್ರೆ ಹೇಳಿ, ವಾರಕ್ಕೊಂದು ಮನೆಗೆ ಮುಂಗಡ ಕೊಡ್ತೀನಿ.”

ಅವನು ನಕ್ಕ. ದುಸಿಕ್ ನಗದಿದ್ದುದನ್ನು ಕಂಡು, ಬಾಗಿಲಲ್ಲಿ ಒಂದು ಕ್ಷಣ ನಿಂತು, ತನ್ನ ಹೆಂಡತಿಗೆ ಮಾತ್ರ ಇದನ್ನು ಹೇಗೆ ಹೇಳುವುದೋ ತಿಳಿಯುತ್ತಿಲ್ಲ, ಅವಳು ಆ ಸೋಯಾ ರಸದ ಬಗ್ಗೆ ತನ್ನ ತವರಿಗೆಲ್ಲ ಫೋನ್ ಮಾಡಿದ್ದಾಳೆ ಎಂದು ಹೇಳಿ ಪಾಳಿಗೆ ಓಡಿದ.

ಆಮೇಲಿನ ವಾರ ಊರು ಅವನಿಗೆ ಬಾಗಿಲು ಹಾಕಿತು. ಇದು ಬರಿಯ ಮಾತಲ್ಲ. ಖಾಲಿ ಮನೆಗಳ ಬಾಗಿಲು ತೆರೆಯುವ ಗುಟ್ಟಿನ ಅಂಕಿಗಳನ್ನು ಮಾಲೀಕರು ಅವನಿಗೆ ಕೊಟ್ಟಿದ್ದರು. ಒಂದೊಂದಾಗಿ ಎಲ್ಲರೂ ಬದಲಾಯಿಸಿದರು. ಗಿರಾಕಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಂಕಿ ಒತ್ತಿದರೆ ಬಾಗಿಲು ಕಿರ್ರೆಂದು ಕೂಗಿ ಕಳ್ಳನನ್ನು ಹಿಡಿದ ಹಾಗೆ ಮಾಡುತ್ತಿತ್ತು. ಹೀಗೆ ಆರು ಬಾಗಿಲು. ಏಳನೆಯದಕ್ಕೆ ಅವನು ಹೋಗಲೇ ಇಲ್ಲ.

ಆಗಸ್ಟ್ ಮುಗಿಯಿತು. ಮೂವತ್ತೆರಡಕ್ಕೆ ಗಿರಾಕಿ ನೋಡಿ ಎಂದು ಮಿನ್ ಅವನಿಗೇ ಹೇಳಿದ. ಹೇಗೂ ಮನೆಯ ಬಾಗಿಲು ತೆರೆಯಬೇಕಾದವರು ನೀವೇ, ಕಮಿಷನ್ನೂ ನಿಮಗೇ ಬರಲಿ ಎಂಬ ಔದಾರ್ಯ ಬೇರೆ. ಬೇಡ ಎಂದರೆ ಬೇರೆ ದಲ್ಲಾಳಿ ಬಂದು ಅವನ ನಡುಮನೆಯಲ್ಲಿ ನಿಂತು ಬೆಲೆ ಹೇಳುತ್ತಾನೆ. ದುಸಿಕ್ ಒಪ್ಪಿದ.

ಭಾನುವಾರ ಮಧ್ಯಾಹ್ನ ಮದುವೆಯಾಗಿ ವರ್ಷವಾಗದ ಒಂದು ಜೋಡಿ ನೋಡಲು ಬಂತು. ಬಿಟ್ಟುಕೊಡುವ ಮನೆಯನ್ನು ಯಾಕೆ ಗುಡಿಸಲಿ ಎಂದು ಮಿಜಾ ಪೊರಕೆ ಮುಟ್ಟಿರಲಿಲ್ಲ, ಕೋಣೆಯಿಂದ ಹೊರಗೂ ಬರಲಿಲ್ಲ. ತಾಯಿ ಮಾತ್ರ ಬಂದವರು ಯಾವುದೋ ನೆಂಟರೆಂದು ತಿಳಿದು, ಇಷ್ಟು ಬಡವಾಗಿದ್ದೀಯಲ್ಲ ಎಂದು ಆ ಹುಡುಗಿಯ ತೋಳು ಸವರಿದಳು, ಊಟ ಮಾಡಿಕೊಂಡು ಹೋಗಿ ಎಂದಳು.

ದುಸಿಕ್ ಆ ಇಬ್ಬರನ್ನೂ ನೇರ ಉತ್ತರದ ಕೋಣೆಗೆ ಕರೆದೊಯ್ದ. ಬೀರು ಸರಿಸಿ ಹಿಂದಿನ ಗೋಡೆ ತೋರಿಸಿದ. ನೆಲದಿಂದ ಮೊಣಕಾಲೆತ್ತರದವರೆಗೆ ಬೂಷ್ಟು ಕಪ್ಪಗೆ ಹಬ್ಬಿತ್ತು.

“ಪ್ರತಿ ಚಳಿಗಾಲ ಬರುತ್ತೆ. ಎಷ್ಟು ಉಜ್ಜಿದ್ರೂ ಹೋಗಲ್ಲ. ಬೆಳಿಗ್ಗೆ ಐದಕ್ಕೆ ಲಿಫ್ಟು ಎಬ್ಬಿಸುತ್ತೆ. ಈ ಮನೆ ಇಪ್ಪತ್ತೈದರ ಮೇಲೆ ಒಂದು ವಾನ್ ಬಾಳಲ್ಲ. ಇದು ಹದಿಮೂರು ವರ್ಷ ಬೆಲೆ ಕಟ್ಟಿದವನ ಮಾತು.”

ಹುಡುಗ ಗೋಡೆ ನೋಡಿದ, ಆಮೇಲೆ ಫೋನ್ ನೋಡಿದ. ಅಲ್ಲಿ ಮೂವತ್ತೆರಡು ಎಂದೇ ಇತ್ತು. ಅವರಿಬ್ಬರೂ ಬಾಲ್ಕನಿಗೆ ಹೋಗಿ ಪಿಸುಗುಟ್ಟಿಕೊಂಡರು. ಹೊಳೆಯಾಚೆ ಇಪ್ಪತ್ತೇಳಕ್ಕೆ ಒಂದು ಮನೆ ಸಿಕ್ಕಿತ್ತಂತೆ, ಅಷ್ಟು ಅಗ್ಗವೆಂದ ಮೇಲೆ ಏನೋ ಇರಬೇಕೆಂದು ಬಿಟ್ಟು ಬಂದಿದ್ದರಂತೆ. ತಿರುಗಿ ಬಂದಾಗ ಮಾತಾಡಿದವಳು ಹುಡುಗಿ. ಬಹಳ ಮರ್ಯಾದೆಯಿಂದ, ಎರಡೂ ಕೈ ಮುಂದೆ ಜೋಡಿಸಿಕೊಂಡು.

“ಬೇಜಾರು ಮಾಡ್ಕೋಬೇಡಿ. ಬಿಡೋಕೆ ಮನಸ್ಸಿಲ್ಲದ ಭೋಗ್ಯದವರು ಮನೆ ಬಗ್ಗೆ ಹೀಗೇ ಹೇಳ್ತಾರೆ ಅಂತ ನಮ್ಮತ್ತೆ ಮೊದ್ಲೇ ಹೇಳಿದ್ರು. ನಮಗೆ ಮನೆ ಹಿಡಿಸ್ತು.”

ಮನೆಯ ಕುಂದುಕೊರತೆ ಬರೆಯುವ ಹಾಳೆಯೊಂದನ್ನು ದಲ್ಲಾಳಿ ಕರಾರಿನ ಜೊತೆ ಕೊಡಲೇಬೇಕು. ಗೋಡೆ ಎಂಬ ಕಡೆ ದುಸಿಕ್ ಬೂಷ್ಟು, ಪ್ರತಿ ವರ್ಷ, ಹೋಗುವುದಿಲ್ಲ ಎಂದು ಒತ್ತಿ ಒತ್ತಿ ಬರೆದ. ಪೆನ್ನು ಕಾಗದ ಹರಿಯುವಷ್ಟು ಒತ್ತಿದ. ಅವರು ಅದನ್ನು ಓದದೆ ಸಹಿ ಹಾಕಿದರು.

ಇನ್ನು ಮನೆ ಹುಡುಕಬೇಕಿತ್ತು. ಸೆಪ್ಟೆಂಬರಿನಲ್ಲಿ ಎರಡು ರೈಲು ನಿಲ್ದಾಣ ಆಚೆಯ ಬಡಾವಣೆಗೆ ಹೋದ. ಮಿಜಾ ಕೆಲಸಕ್ಕೆ ಹೋಗಿದ್ದರಿಂದ ತಾಯಿಯನ್ನು ಜೊತೆಗೇ ಕರೆದೊಯ್ದು, ಕಾರಿನಲ್ಲಿ ಕೂರಿಸಿ, ಇಳಿಯಬೇಡ ಎಂದು ಮೂರು ಸಲ ಹೇಳಿ, ಒಂದು ಕಚೇರಿಯ ಒಳಗೆ ಹೋದ. ದಲ್ಲಾಳಿ ಮೂವತ್ತು ದಾಟದ ಹೆಂಗಸು. ತಾನೂ ಇದೇ ಕಸುಬಿನವನು ಎಂದು ಅವನು ಹೇಳಲಿಲ್ಲ. ಒಂದು ಮನೆ ಇದೆ, ನೆಲದ ಮಹಡಿ, ಇಪ್ಪತ್ತನಾಲ್ಕು; ಆದರೆ ಮಾಲೀಕರದು ಒಂದೇ ಶರತ್ತು ಎಂದಳು ಆಕೆ. ಹಿಂದೆ ಇದ್ದವರ ಮನೆಯಲ್ಲಿ ಮರೆವಿನ ಮುದುಕರೊಬ್ಬರು ಗ್ಯಾಸ್ ಹಚ್ಚಿಟ್ಟು ಹೊರಗೆ ಹೋಗಿಬಿಟ್ಟಿದ್ದರಂತೆ. ಹಾಗಾಗಿ ಮುದುಕರಿರುವ ಸಂಸಾರ ಬೇಡವಂತೆ.

“ನೀವು ಎಷ್ಟು ಜನ?”

“ಇಬ್ಬರು,” ಎಂದ ದುಸಿಕ್. “ನಾನು, ನನ್ನ ಹೆಂಡತಿ.”

ಆಕೆ ಬರೆದುಕೊಂಡಳು. ಬರೆಯುತ್ತಲೇ ತಲೆಯೆತ್ತಿ ಅವನ ಹಿಂದಿನ ಗಾಜಿನ ಬಾಗಿಲಿನ ಕಡೆ ನೋಡಿದಳು. ಗಾಜಿಗೆ ಅಂಟಿಸಿದ್ದ ಮನೆಗಳ ಚೀಟಿಗಳನ್ನು ಯಾರೋ ಹೊರಗಿನಿಂದ ಜೋರಾಗಿ ಓದುತ್ತಿದ್ದರು. ಮೂರು ಕೋಣೆ, ಇಪ್ಪತ್ತೊಂಬತ್ತು. ಎರಡು ಕೋಣೆ, ಹತ್ತೊಂಬತ್ತು. ಆಮೇಲೆ ಓದುವುದು ನಿಂತಿತು, ಬೆರಳಿನಿಂದ ಗಾಜು ತಟ್ಟುವ ಸದ್ದು ಬಂತು.

“ಆ ಅಜ್ಜಿ ನಿಮ್ಮ ಕಡೆಯವರಾ?”

ದುಸಿಕ್ ತಿರುಗಿ ನೋಡಲಿಲ್ಲ.

“ಯಾರೋ ಗೊತ್ತಿಲ್ಲ,” ಎಂದ. “ಮನೆ ಎಷ್ಟೊತ್ತಿಗೆ ತೋರಿಸ್ತೀರಿ?”